ಎಂಟು ದಿನದ ಮೊಟ್ಟೆ

ಪಾರ್ಶ್ವವಾಯು ಬಡಿದು ಸೋತಿದ್ದ ಬಲಗೈಯಲ್ಲೇ ರಂಗಣ್ಣ ಬೇಯಿಸಿದ ಮೊಟ್ಟೆಯೊಂದನ್ನು ಎಲ್ಲೂ ಹರಿಯದಂತೆ ಸುಲಿದು, ನನ್ನೆದುರು ಎತ್ತಿ ಹಿಡಿದರು. ಬಿ.ಪಿ. ನೋಡಲು ಹಾರನಹಳ್ಳಿಯ ಅವರ ಮನೆಗೆ ಹೋಗಿದ್ದ ಆಶಾ ಕಾರ್ಯಕರ್ತೆ ನಾನು. ಖುಷಿಗೆ ಚಪ್ಪಾಳೆ ತಟ್ಟಿಬಿಟ್ಟೆ. ಹಿಂದಿನ ತಿಂಗಳು ಆ ಕೈಯಲ್ಲಿ ಚಮಚವೂ ನಿಲ್ಲುತ್ತಿರಲಿಲ್ಲ.

ನೀರು ಕುಡಿಯಲು ಒಳಗೆ ಹೋದಾಗ ಅವರ ಹೆಂಡತಿ ಜಯಮ್ಮ ರಾಗಿ ಡಬ್ಬದಲ್ಲಿ ಹೂತಿಟ್ಟಿದ್ದ ಮೊಟ್ಟೆಗಳನ್ನು ತೋರಿಸಿದರು. ಹಳೆಯವಕ್ಕೆ ಮಸಿಯ ಗುರುತು ಹಾಕಿದ್ದರು.

"ಕೋಳಿ ಇವತ್ತು ಇಟ್ಟಿದ್ದು ಸಿಪ್ಪೆ ಬಿಡಲ್ಲ ಕಣವ್ವ. ಎಂಟು ದಿನ ಮಡಗಿ, ಕುದಿಯೋ ನೀರಿಗೆ ಬಿಟ್ಟು, ಬೆಂದ ತಕ್ಷಣ ತಣ್ಣೀರಿಗೆ ಹಾಕ್ತೀನಿ. ಆಗ ಸಲೀಸಾಗಿ ಬತ್ತೈತೆ. ಕೈ ಗೆದ್ದಂಗಾಗ್ಲಿ ಅಂತ. ಅವ್ರಿಗೆ ಹೇಳ್ಬ್ಯಾಡ."

ನಾವು ಜಗಲಿಗೆ ಬಂದರೆ ರಂಗಣ್ಣ ಮೊಟ್ಟೆಯನ್ನು ಇನ್ನೂ ತಿಂದಿರಲಿಲ್ಲ. ಅದನ್ನು ಹೆಂಡತಿಯ ಅಂಗೈಯಲ್ಲಿಟ್ಟರು.

"ನೀನು ತಿನ್ನು. ಹುಟ್ಟಿದಾಗಿಂದ ಕೋಳಿ ಸಾಕಿದೀನಿ ಕಣೇ, ತಾಜಾ ಮೊಟ್ಟೆ ಹಿಂಗೆ ಸುಲಿಯಲ್ಲ ಅಂತ ನಂಗೊತ್ತಿಲ್ವಾ? ನಾಳೆಯಿಂದ ಅವತ್ತು ಇಟ್ಟ ಮೊಟ್ಟೇನೇ ಬೇಯ್ಸು. ಹರಿದ್ರೆ ಹರೀಲಿ."

ಜಯಮ್ಮ ಮುಖ ತಿರುಗಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಮುಂದಿನ ವಾರ ಹೋದಾಗ ರಂಗಣ್ಣ ನನಗೂ ಒಂದು ತಾಜಾ ಮೊಟ್ಟೆ ಸುಲಿದುಕೊಟ್ಟರು. ಅರ್ಧ ಬಿಳಿಭಾಗ ಸಿಪ್ಪೆಯಲ್ಲೇ ಉಳಿದಿತ್ತು. ಉಪ್ಪು ಕೇಳುವುದನ್ನೂ ಮರೆತು ತಿಂದೆ.