ಎಡಗಾಲು ಅರ್ಧ ಅಳತೆ ಚಿಕ್ಕದು

ಹಳೆಯ ಜೋಡಿ ತಂದು ತೋರಿಸದವರಿಗೆ ರೋಸ್ವಿಥಾ ಹೊಸ ಫುಟ್ಬಾಲ್ ಬೂಟು ಮಾರುತ್ತಿರಲಿಲ್ಲ. ಜರ್ಮನ್ ಊರೊಂದರ ಆ ಗಣಿ ಕಾಲೊನಿಯ ಜನ ಈ ಕಟ್ಟಳೆಯನ್ನು ಬೈದುಕೊಂಡೇ ಪಾಲಿಸುತ್ತಿದ್ದರು. ಒಬ್ಬ ಹುಡುಗ ಹಳೆಯ ಬೂಟನ್ನು ಉಜ್ಜಿ ತೊಳೆದು ಹೊಳಪು ಹಚ್ಚಿ ತಂದಾಗ ಆಕೆ ಅದನ್ನು ಮೂಗಿನ ಹತ್ತಿರ ಹಿಡಿದು, "ಲೋ, ಇದನ್ನ ಮದುವೆಗೆ ಹಾಕ್ಕೊಂಡು ಹೋಗಿದ್ಯಾ? ಕೊಳೆ ನೋಡೋಕೆ ತಾನೇ ತರೋಕೆ ಹೇಳಿದ್ದು" ಎಂದು ಗದರಿ ವಾಪಸು ಕಳಿಸಿದ್ದಳು.

ಬೂಟನ್ನು ಮಗುಚಿ ಹಾಕಿ ಅಟ್ಟೆ ನೋಡಿದರೆ ಆಟಗಾರ ಎಂಥವನೆಂದು ಆಕೆಗೆ ತಿಳಿಯುತ್ತಿತ್ತು. ಮೈದಾನದ ಅಂಚಿನಲ್ಲಿ ಓಡುವವನ ಬೂಟಿನಲ್ಲಿ ಮುಂಗಾಲಿನ ಹೊರಬದಿಯ ಸ್ಟಡ್‌ಗಳು, ನೆಲ ಕಚ್ಚುವ ಆ ಗುಬುಟುಗಳು, ಸವೆದಿರುತ್ತವೆ. ಅವನಿಗೆ ತೆಳ್ಳನೆಯ, ಹಗುರಾದ ಬೂಟು. ಗೋಲು ಕಾಯುವವನು ನೆಲ ಒದ್ದು ಪಕ್ಕಕ್ಕೆ ಹಾರುವವನು, ಹೆಬ್ಬೆರಳಿನ ಬುಡದಲ್ಲಿ ಸವೆತ. ಅವನಿಗೆ ಅಲ್ಲಿ ಗಟ್ಟಿಯಾದ ಅಟ್ಟೆ ಬೇಕು. ನಡುವಿನಲ್ಲಿ ಚೆಂಡು ಹಂಚುವವನಿಗೆ ಒಳಬದಿಯ ತೊಗಲು ಮೆತ್ತಗಿರಬೇಕು. ಹಿಂದೆ ನಿಂತು ತಡೆಯುವ ಭಾರದ ಆಳಿಗೆ ಅಗಲವಾದ, ದಪ್ಪ ತೊಗಲಿನ ಬೂಟು. ಈಗ ಹುಡುಗಿಯರ ತಂಡಕ್ಕೆ ಕಲಿಸುವ ಉವೆ ಹರೆಯದಲ್ಲಿ ಅಂಥ ಭಾರದ ಆಳೇ. ಒಮ್ಮೆ ಅವನು ಗರಿಯಂಥ ಕೆಂಪು ಬೂಟು ಬೇಕೆಂದು ಹಟ ಹಿಡಿದಿದ್ದ.

"ಉವೆ, ನೀನು ಬಟ್ಟೆ ಬೀರು ಕಣೋ. ಬೀರುಗೆ ರೆಕ್ಕೆ ಯಾಕೆ?" ಎಂದಿದ್ದಳು ರೋಸ್ವಿಥಾ. ಮೂವತ್ತು ವರ್ಷವಾದರೂ ಕಾಲೊನಿಯಲ್ಲಿ ಅವನ ಹೆಸರು ಬೀರು.

ಅಂಗಡಿ ಗಂಡ ಎಗೋನ್‌ನದು. ಗಣಿ ಮುಚ್ಚಿದ ಮೇಲೆ ಅವನು ಅಪ್ಪನ ಚಪ್ಪಲಿ ರಿಪೇರಿ ಕೋಣೆಯನ್ನು ತೆರೆದು, ಒಂದು ಗೋಡೆಗೆ ಫುಟ್ಬಾಲ್ ಬೂಟು ಜೋಡಿಸಿದ. ಅವನು ಹೊಲಿಯುತ್ತಿದ್ದ, ಆಕೆ ಅಳೆಯುತ್ತಿದ್ದಳು. ಅವನು ತೀರಿಹೋದ ಮೇಲೆ ಎರಡನ್ನೂ ಆಕೆಯೇ ಮಾಡಿದಳು. ಭಾನುವಾರ ಮೈದಾನದ ಪಕ್ಕದ ಕ್ಲಬ್ಬಿನ ಕಿಟಕಿಯಲ್ಲಿ ನಿಂತು ಕಾಫಿ, ಬಿಸಿ ಹಂಚಿನಲ್ಲಿ ಸುಟ್ಟ ಸಿಹಿ ವಾಫಲ್ ಮಾರುವವಳೂ ಆಕೆಯೇ. ಮಕ್ಕಳಿರಲಿಲ್ಲ. ಕಾಲೊನಿಯ ಜರ್ಮನ್, ಪೋಲಿಷ್, ತುರ್ಕಿ ಮಕ್ಕಳಿಗೆಲ್ಲ ಆಕೆ ರೋಸಿಯತ್ತೆ.

ಆಗ ಮೈದಾನವೆಂದರೆ ಬೂದಿ. ಕುಲುಮೆಯ ಕಿಟ್ಟವನ್ನು ಪುಡಿ ಮಾಡಿ ಹಾಸಿದ ಕೆಂಪು ನೆಲ. ಬಿದ್ದರೆ ತೊಡೆಯ ಚರ್ಮ ಎದ್ದು ಬರುತ್ತಿತ್ತು. ತಾಯಂದಿರು ಚಿಮುಟ ಹಿಡಿದು ಕೂತು ಮಂಡಿಯಿಂದ ಹರಳು ಕೀಳುತ್ತಿದ್ದರು. ಕೀಳದೆ ಉಳಿದದ್ದು ಚರ್ಮದ ಕೆಳಗೆ ನೀಲಿ ಚುಕ್ಕೆಯಾಗಿ ಉಳಿಯುತ್ತಿತ್ತು. ಎಗೋನ್ ಆ ಚುಕ್ಕೆಗಳೊಂದಿಗೇ ಮಣ್ಣಾದ. ಮಕ್ಕಳಿಗಾದರೂ ಈ ಪಾಡು ಬೇಡವೆಂದು ಕ್ಲಬ್ಬು ಪ್ಲಾಸ್ಟಿಕ್ ಹುಲ್ಲಿಗಾಗಿ ಪಟ್ಟು ಹಿಡಿಯಿತು. ಕಾಲೊನಿಯವರು ಅದನ್ನು ಜಮಖಾನೆ ಎಂದೇ ಕರೆದರು. ದುಡ್ಡು ಕೂಡಿಸಲು ಮೈದಾನದ ನಕ್ಷೆಯನ್ನು ಚದರಗಳಾಗಿ ಕೊಯ್ದು ಮಾರಿದರು. ಕೊಂಡವರ ಹೆಸರು ಆ ಚದರದಲ್ಲಿ. ಎಷ್ಟೋ ಚದರಗಳು ರೋಸ್ವಿಥಾಳ ವಾಫಲ್ ದುಡ್ಡಿನಿಂದ ಬಂದವು. ತನ್ನ ಕೈಯಿಂದ ಒಂದನ್ನು ಎಗೋನ್‌ನ ಹೆಸರಿಗೆ ಕೊಂಡಳು.

"ರೋಸಿಯತ್ತೆ, ಎಗೋನ್ ಮಾಮನ ಚದರದ ಮೇಲೆ ಉಗುಳಿಬಿಟ್ಟೆ, ತಪ್ಪಾಯ್ತು" ಎಂದು ಹುಡುಗರು ಕಿಚಾಯಿಸುತ್ತಿದ್ದರು.

"ಬಿಡೋ, ಅವನು ಬದುಕಿದ್ದಾಗ ನಿಮ್ಮಜ್ಜನ ಅಂಗಳದಲ್ಲಿ ಉಗುಳ್ತಿದ್ದ. ಲೆಕ್ಕ ಸರಿಹೋಯ್ತು."

ಜಮಖಾನೆ ಹಾಸಿದ ಮೇಲೆ ಚಿಮುಟಗಳು ಡಬ್ಬಿ ಸೇರಿದವು. ಆದರೆ ಬೂದಿಗೆ ಒಂದು ಗುಣವಿತ್ತು: ಅದು ಕಾಲನ್ನು ಜಾರಗೊಡುತ್ತಿತ್ತು. ಚರ್ಮ ಹೋಗುತ್ತಿತ್ತು, ಅಷ್ಟೇ. ಜಮಖಾನೆ ಕಾಲನ್ನು ಹಿಡಿದುಕೊಳ್ಳುತ್ತದೆ. ಮೈ ತಿರುಗಿದಾಗ ಪಾದ ಅಲ್ಲೇ ನಿಂತರೆ ತಿರುಚಿದ ಬಲವೆಲ್ಲ ಮಂಡಿಯೊಳಗೆ ಎಲುಬುಗಳನ್ನು ಬಿಗಿದಿಡುವ ರಜ್ಜುವಿನ ಮೇಲೆ ಬೀಳುತ್ತದೆ. ಇದು ಎಷ್ಟರ ಮಟ್ಟಿಗೆ ನಿಜವೆಂದು ವೈದ್ಯರಲ್ಲೇ ಒಮ್ಮತವಿರಲಿಲ್ಲ. ರೋಸ್ವಿಥಾ ಮಾತ್ರ ತನ್ನ ಗೋಡೆಯನ್ನು ಬದಲಿಸಿದಳು. ನಿಜವಾದ ಹುಲ್ಲಿನ ಮೈದಾನಕ್ಕೆಂದು ಮಾಡಿದ ಉದ್ದನೆಯ, ಅಲಗಿನಂಥ ಸ್ಟಡ್‌ಗಳ ಬೂಟನ್ನು ಮೇಲಿನ ಹಲಗೆಗೆ ಹಾಕಿ, ಗಿಡ್ಡನೆಯ, ದುಂಡನೆಯ, ಒತ್ತಾಗಿ ಜೋಡಿಸಿದ ಸ್ಟಡ್‌ಗಳ ಬೂಟನ್ನು ಕೈಗೆಟುಕುವಲ್ಲಿ ಇಟ್ಟಳು. ದುಂಡನೆಯದು ತಿರುಗಿದರೆ ಬಿಡಿಸಿಕೊಳ್ಳುತ್ತದೆ. ಹುಡುಗರು ಮೂಗು ಮುರಿದು ಫೋನಿನಲ್ಲಿ ತಮಗೆ ಬೇಕಾದ್ದನ್ನು ತರಿಸಿಕೊಂಡರು. ಅಂಗಡಿ ಬಾಗಿಲಿನ ಗಂಟೆ ಸದ್ದು ಮಾಡುವುದು ಅಪರೂಪವಾಯಿತು.

ಸೆಹೆರ್ ಕೂಡ ಹಾಗೆ ಫೋನಿನಲ್ಲಿ ತರಿಸಿಕೊಂಡವಳೇ. ಟ್ರಾಮ್ ಓಡಿಸುವ ಹಲೀಲ್‌ನ ಮಗಳು. ಬೆನ್ನಿಗೆ ಎದುರಾಳಿ ಅಂಟಿಕೊಂಡಿದ್ದರೂ ಚೆಂಡು ಹಿಡಿದು ಒಂದೇ ಹೆಜ್ಜೆಯಲ್ಲಿ ತಿರುಗಿಬಿಡುವ ಹುಡುಗಿ. ಅವಳು ತಿರುಗುವುದನ್ನು ನೋಡಲೆಂದೇ ಮುದುಕರು ಕಂಬಿಗೆ ಒರಗಿ ನಿಲ್ಲುತ್ತಿದ್ದರು. ಹದಿನಾರನೆಯ ವಯಸ್ಸಿನಲ್ಲಿ, ಅಭ್ಯಾಸದ ವೇಳೆ, ಹಾಗೆ ತಿರುಗುವಾಗಲೇ ಎಡಮಂಡಿಯ ರಜ್ಜು ಹರಿಯಿತು. ಶಸ್ತ್ರಚಿಕಿತ್ಸೆ ಆಯಿತು. ಒಂದು ವರ್ಷ ಅವಳು ಮೆಟ್ಟಿಲು ಹತ್ತುವುದನ್ನು, ಕುಕ್ಕರುಗಾಲಲ್ಲಿ ಕೂರುವುದನ್ನು, ನೇರ ಓಡುವುದನ್ನು ಒಂದೊಂದಾಗಿ ಮತ್ತೆ ಕಲಿತಳು. ದೊಡ್ಡ ಊರಿನ ಕ್ಲಬ್ಬಿನವರು, ವಾಸಿಯಾದ ಮೇಲೆ ಒಂದು ಪಂದ್ಯದಲ್ಲಿ ನೋಡುತ್ತೇವೆ, ಹಿಡಿಸಿದರೆ ಕರೆದುಕೊಳ್ಳುತ್ತೇವೆ ಎಂದಿದ್ದರು. ವೈದ್ಯೆ ಹೇಳಿದ್ದು ಇನ್ನೊಂದು ಮಾತು: ಮತ್ತೊಮ್ಮೆ ಹರಿದರೆ ಆಟವನ್ನು ಮರೆತುಬಿಡು.

ಆ ಪಂದ್ಯಕ್ಕೆ ಮೊದಲು ಹಲೀಲ್ ಮಗಳನ್ನು ಅಂಗಡಿಗೆ ಕರೆತಂದ.

"ಅಕ್ಕ, ಹರಿಯದೇ ಇರೋ ಬೂಟು ಕೊಡು" ಎಂದ.

"ಬೂಟು ಹರಿಯಬಾರ್ದೋ, ಮಂಡಿಯೋ?"

"ಮಂಡಿ."

ಯಾರೂ ನಗಲಿಲ್ಲ. ಸೆಹೆರ್ ಚೀಲದಿಂದ ಹಳೆಯ ಜೋಡಿ ತೆಗೆದಿಟ್ಟಳು. "ತೊಳ್ದಿಲ್ಲ ರೋಸಿಯತ್ತೆ. ಬೀರು ಹೇಳಿದ್ದ, ತೊಳೆದ್ರೆ ನೀನು ಕಚ್ತೀಯ ಅಂತ."

"ಅವನಿಗೆ ಇನ್ನೂ ಕಚ್ಚಿಲ್ಲ ನಾನು."

ರೋಸ್ವಿಥಾ ಎಡ ಬೂಟಿನೊಳಗೆ ಕೈ ಹಾಕಿ ತಡವಿದಳು. ಹಿಮ್ಮಡಿಯ ಅಸ್ತರು ಉಜ್ಜಿ ಉಜ್ಜಿ ತೂತಾಗಿತ್ತು. ಬಲದ್ದರಲ್ಲಿ ಹಾಗಿರಲಿಲ್ಲ. ಆಟದ ಕಾಲುಚೀಲ ಹಾಕಿಸಿ ಎರಡೂ ಪಾದಗಳನ್ನು ಬೇರೆ ಬೇರೆಯಾಗಿ ಅಳೆದಳು. ಬಲಗಾಲು ಮೂವತ್ತೆಂಟೂವರೆ. ಎಡಗಾಲು ಮೂವತ್ತೆಂಟು.

"ನಿನ್ನ ಎಡಗಾಲು ಅರ್ಧ ಅಳತೆ ಚಿಕ್ಕದು ಅಂತ ಗೊತ್ತಿತ್ತಾ?"

"ಇಲ್ಲ. ಫೋನು ಅಳೆಯಲ್ವಲ್ಲ."

"ಹ್ಞೂಂ. ಬೂಟು ದೊಡ್ಡದು, ಕಾಲು ಒಳಗೇ ಆಡಿದೆ. ಅದರ ಮೇಲೆ ಈ ಅಲಗು ಬೇರೆ, ನೆಲಕ್ಕೆ ಮೊಳೆ ಹೊಡೆದ ಹಾಗೆ. ನೋಡು ಹಲೀಲ್, ಇಲ್ಲೇ ಇದೆ ಕಾರಣ."

ಹಲೀಲ್ ಬಗ್ಗಿ ನೋಡಿದ. ಅವನ ಮುಖ ಒಂದು ವರ್ಷದ ನಂತರ ಸಡಿಲವಾದದ್ದು ಕಂಡಿತು. ಕಾರಣವಿದೆ ಎಂದಮೇಲೆ ಅದನ್ನು ತೆಗೆದುಹಾಕಬಹುದು. ರೋಸ್ವಿಥಾಳಿಗೂ ಹಾಗೆಯೇ ಅನ್ನಿಸಿತು.

ಗಿಡ್ಡ, ದುಂಡು ಸ್ಟಡ್‌ಗಳ ಎರಡು ಡಬ್ಬಿ ಇಳಿಸಿದಳು. ಒಂದರಿಂದ ಎಡದ್ದು, ಇನ್ನೊಂದರಿಂದ ಬಲದ್ದು ತೆಗೆದು ಜೋಡಿ ಮಾಡಿದಳು. ಗಂಡಸರ ಪಾದದ ಅಚ್ಚಿನ ಮೇಲೆ ಮಾಡಿದ ಬೂಟು ಹುಡುಗಿಯರ ಹಿಮ್ಮಡಿಗೆ ಸಡಿಲ. ಆದ್ದರಿಂದ ಎಡದ್ದರ ಹಿಮ್ಮಡಿಗೆ ತೆಳುವಾದ ತೊಗಲು ಅಂಟಿಸಿ ಹೊಲಿದಳು. ಎಗೋನ್‌ನ ಮರದ ಅಚ್ಚು ತೂರಿಸಿ ಕಿರುಬೆರಳಿನ ಕಡೆ ಕೂದಲೆಳೆಯಷ್ಟು ಹಿಗ್ಗಿಸಿದಳು. ಹುಡುಗಿ ಅಂಗಡಿಯ ಉದ್ದಗಲಕ್ಕೆ ನಡೆದಳು, ನಿಂತಳು, ತಿರುಗಿದಳು. ರೋಸ್ವಿಥಾ ಮತ್ತೆ ಬಿಚ್ಚಿಸಿ ತೊಗಲನ್ನು ಇನ್ನಷ್ಟು ಹೆರೆದಳು. ಬಲದ್ದಕ್ಕೆ ಏನೂ ಮಾಡಬೇಕಾಗಲಿಲ್ಲ. ಡಬ್ಬಿಯಿಂದ ತೆಗೆದದ್ದು ನೇರ ಕಾಲಿಗೆ ಕೂತಿತು.

"ಉಳಿದ ಎರಡು ಏನ್ಮಾಡ್ತೀಯ?" ಸೆಹೆರ್ ಕೇಳಿದಳು. ಮೇಜಿನ ಮೇಲೆ ಚಿಕ್ಕದೊಂದು ಬಲ ಬೂಟು, ದೊಡ್ಡದೊಂದು ಎಡ ಬೂಟು ಉಳಿದಿದ್ದವು.

"ನಿನಗೆ ಉಲ್ಟಾ ಹುಟ್ಟಿರೋಳು ಎಲ್ಲಾದ್ರೂ ಇರ್ತಾಳೆ. ಬರ್ತಾಳೆ ಬಿಡು."

ಬಾಗಿಲಲ್ಲಿ ಹಲೀಲ್ ಹಿಂದಿರುಗಿ ನಿಂತ. "ಅಕ್ಕ, ಏನೂ ಆಗಲ್ಲ ಅಲ್ವಾ?"

ಯಾವ ಬೂಟಿನ ಬಗೆಗೂ ರೋಸ್ವಿಥಾ ಅಂಥ ಮಾತು ಕೊಟ್ಟವಳಲ್ಲ. ಚೆನ್ನಾಗಿ ಕೂರುತ್ತದೆ ಎನ್ನುವಳು, ಬಾಳಿಕೆ ಬರುತ್ತದೆ ಎನ್ನುವಳು, ಅದರಾಚೆಗಿಲ್ಲ. ಅಂದು ಅವನ ಮುಖ ನೋಡಿ ಅಂದುಬಿಟ್ಟಳು: "ಆಗಲ್ಲ. ಧೈರ್ಯವಾಗಿ ಹೋಗು."

ಭಾನುವಾರ ಬೆಳಿಗ್ಗೆ ಮೋಡ ಮುಚ್ಚಿತ್ತು, ಜಮಖಾನೆ ತೇವವಾಗಿತ್ತು. ದೊಡ್ಡ ಕ್ಲಬ್ಬಿನ ಹೆಂಗಸು ಕಂಬಿಯ ಬಳಿ ಒಬ್ಬಳೇ ನಿಂತಿದ್ದಳು. ರೋಸ್ವಿಥಾ ಕಿಟಕಿಯಿಂದಲೇ ನೋಡುತ್ತಿದ್ದಳು, ಆದರೆ ನೋಡುತ್ತಿದ್ದುದು ಸೆಹೆರ್‌ಳ ಎಡಗಾಲನ್ನು ಮಾತ್ರ. ಎಡಗಾಲು ಊರಿತು, ತಿರುಗಿತು, ಬಿಡಿಸಿಕೊಂಡಿತು. ಮತ್ತೆ ಊರಿತು, ಬಿಡಿಸಿಕೊಂಡಿತು. ಮುದುಕರೊಬ್ಬರು, "ಬಂದ್ಲು ನೋಡು ನಮ್ಮ ಹುಡುಗಿ!" ಎಂದು ಕಂಬಿ ಬಡಿದರು. ಉವೆ ಕಿಟಕಿಯತ್ತ ತಿರುಗಿ ಹೆಬ್ಬೆರಳು ಎತ್ತಿದ.

ವಿರಾಮಕ್ಕೆ ಸ್ವಲ್ಪ ಮುಂಚೆ ಅಂಚಿನ ಗೆರೆಯ ಬಳಿ ಅವಳಿಗೆ ಚೆಂಡು ಬಂತು. ಹತ್ತಿರ ಯಾರೂ ಇರಲಿಲ್ಲ. ತಿರುಗುವ ಅಗತ್ಯವೂ ಅಷ್ಟಾಗಿ ಇರಲಿಲ್ಲ, ಅಭ್ಯಾಸಬಲದಿಂದ ತಿರುಗಿದಳು. ಬಲಗಾಲಿನ ಮೇಲೆ.

ರೋಸ್ವಿಥಾ ವಾಫಲ್ ಹಂಚನ್ನು ತೆರೆದಿಟ್ಟು ಓಡಿದಳು. ಉವೆ ಆಗಲೇ ಹುಡುಗಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಸೆಹೆರ್ ಬಲಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅಳುತ್ತಿರಲಿಲ್ಲ, ವಾದ ಮಾಡುತ್ತಿದ್ದಳು.

"ಇದಲ್ಲ ರೋಸಿಯತ್ತೆ. ಇದು ಚೆನ್ನಾಗಿರೋ ಕಾಲು. ಇದು ಚೆನ್ನಾಗಿರೋದು."

"ಹೌದು ಮಗಳೇ" ಎಂದಳು ರೋಸ್ವಿಥಾ. ದಾರ ಸಡಿಲಿಸಿ ಬೂಟನ್ನು ಮೆಲ್ಲಗೆ ಕಳಚಿದಳು. ಹಂಚಿನ ಮೇಲಿನ ವಾಫಲ್ ಸೀದ ವಾಸನೆ ಮೈದಾನಕ್ಕೆಲ್ಲ ಹರಡಿತು. ಯಾವ ಚದರದ ಮೇಲೆ ಬಿದ್ದಳು, ಅದರಲ್ಲಿ ಯಾರ ಹೆಸರಿತ್ತು, ನೋಡಲು ಹೋದವರಿಲ್ಲ.

ಸ್ಕ್ಯಾನಿಂಗ್ ಆಯಿತು. ರಜ್ಜು ಪೂರ್ತಿ ಹರಿದಿತ್ತು. ಮೊದಲೇ ಹೇಳಿದ್ದನ್ನು ವೈದ್ಯೆ ಎರಡನೆಯ ಸಲ ಹೇಳಲಿಲ್ಲ, ಹೇಳಬೇಕಾಗಿರಲಿಲ್ಲ.

ಆ ವಾರ ರೋಸ್ವಿಥಾ ಬಲಗಾಲಿನ ಬೂಟನ್ನು ಮೇಜಿನ ಮೇಲಿಟ್ಟು ದೀಪ ಹತ್ತಿರಕ್ಕೆಳೆದು ಕೂತಳು. ಸ್ಟಡ್ ಒಂದೂ ಮುರಿದಿರಲಿಲ್ಲ, ಒಂದೂ ವಾರೆಯಾಗಿರಲಿಲ್ಲ. ದಾರ ಸಮವಾಗಿ ಬಿಗಿದ ಗುರುತಿತ್ತು. ಹಿಮ್ಮಡಿಯ ಅಸ್ತರು ನುಣ್ಣಗಿತ್ತು. ಕಾಲು ಒಳಗೆ ಆಡಿರಲಿಲ್ಲ. ಅಟ್ಟೆಯನ್ನು ಬಗ್ಗಿಸಿದಳು, ಬಗ್ಗಬೇಕಾದಲ್ಲೇ ಬಗ್ಗಿತು. ಎಡದ್ದನ್ನೂ ನೋಡಿದಳು. ಮತ್ತೆ ಬಲದ್ದನ್ನು ನೋಡಿದಳು. ತಾನು ಮಾಡಿದ ತಪ್ಪೊಂದು ಅಲ್ಲಿ ಸಿಗಲಿ ಎಂದು ಆಕೆ ಹುಡುಕುತ್ತಿದ್ದಳು. ಸಿಕ್ಕಿದ್ದರೆ ಅದನ್ನು ಹಲೀಲ್‌ನ ಮನೆಗೆ ಒಯ್ದು, ನೋಡು, ನನ್ನಿಂದಲೇ ಆಯಿತು ಎನ್ನಬಹುದಿತ್ತು. ಸಿಗಲಿಲ್ಲ. ಅದಕ್ಕಿಂತ ಸರಿಯಾದ ಬೂಟನ್ನು ಆಕೆ ಜೀವಮಾನದಲ್ಲಿ ಯಾರ ಕಾಲಿಗೂ ಕೂರಿಸಿರಲಿಲ್ಲ.

ಹಲೀಲ್ ತಾನಾಗಿಯೇ ಬಂದ. ಬೈಯುತ್ತಾನೆಂದು ಆಕೆ ಎದ್ದು ನಿಂತಳು. ಅವನು ಹೆಂಡತಿ ಮಾಡಿ ಕಾಗದದಲ್ಲಿ ಸುತ್ತಿಕೊಟ್ಟ ಪಾಲಕ್ ರೊಟ್ಟಿಯನ್ನು ಮೇಜಿನ ಮೇಲಿಟ್ಟು, "ನೀನು ಊಟ ಬಿಟ್ಟಿದ್ದೀಯ ಅಂತ ಬೀರು ಹೇಳ್ದ" ಎಂದ.

"ನಾನು ಏನೂ ಆಗಲ್ಲ ಅಂದಿದ್ದೆ."

"ಅಂದಿದ್ದೆ ಅಕ್ಕ. ನಾನೇ ತಾನೇ ಅನ್ನಿಸಿದ್ದು."

ಬೈದಿದ್ದರೆ ವಾಸಿಯಿತ್ತು.

ಶಸ್ತ್ರಚಿಕಿತ್ಸೆಯ ನಂತರ ಸೆಹೆರ್ ಊರುಗೋಲಿನಲ್ಲಿ ಅಂಗಡಿಗೆ ಬಂದಳು. ಬಾಗಿಲಿನ ಗಂಟೆಗೆ ರೋಸ್ವಿಥಾ ತಲೆಯೆತ್ತಿದಳು. ಹುಡುಗಿ ಸ್ಟೂಲಿನ ಮೇಲೆ ಕೂತು, ಹಲಗೆಯ ಮೇಲಿದ್ದ ತನ್ನ ಜೋಡಿಯನ್ನು ನೋಡಿದಳು. ಪಕ್ಕದಲ್ಲೇ ಉಳಿದ ಎರಡು ಬೂಟುಗಳಿದ್ದವು.

"ಉಲ್ಟಾ ಕಾಲಿನೋಳು ಬಂದ್ಲಾ?"

"ಇನ್ನೂ ಇಲ್ಲ."

"ಹಾಗಾದ್ರೆ ಸೇರಿಸಿಬಿಡು. ಮೂವತ್ತೆಂಟಕ್ಕೆ ಮೂವತ್ತೆಂಟು, ಮೂವತ್ತೆಂಟೂವರೆಗೆ ಮೂವತ್ತೆಂಟೂವರೆ. ಎರಡು ಜೋಡಿ ಆಗುತ್ತೆ. ಅರ್ಧ ಆಟ ತಾನೇ ಆಡಿರೋದು, ಯಾರಾದ್ರೂ ತಗೋತಾರೆ."

"ಮತ್ತೆ ನೀನು?"

"ನಾನು ಏನು? ಅಪ್ಪ ಟ್ರಾಮ್ ಡಿಪೋದಲ್ಲಿ ಕೇಳ್ತಿದ್ದಾರೆ. ಕೂತ್ಕೊಂಡು ಮಾಡೋ ಕೆಲಸ." ಅವಳು ನಕ್ಕಳು. "ಅಲ್ಲಿಗೆ ಯಾವ ಬೂಟು ಹೇಳ್ತೀಯ ರೋಸಿಯತ್ತೆ? ಡಿಪೋಗೆ?"

ರೋಸ್ವಿಥಾ ನಗಲು ನೋಡಿದಳು. ಅಭ್ಯಾಸದಂತೆ ಬಗ್ಗಿ, ಹುಡುಗಿಯ ಎಡಗಾಲನ್ನು ಅಂಗೈಯಲ್ಲಿ ತೆಗೆದುಕೊಂಡು, ಕಾಲುಚೀಲದ ಮೇಲಿಂದಲೇ ಹಿಮ್ಮಡಿ ಹಿಡಿದು ನೋಡಿದಳು. ಅರ್ಧ ಅಳತೆ ಚಿಕ್ಕದು. ಬಲಗಾಲು ಕಟ್ಟಿನೊಳಗಿತ್ತು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, ಕೆಳಗಿಟ್ಟಳು.

ಅವಳು ಹೋದ ಮೇಲೆ ನಾಲ್ಕೂ ಬೂಟುಗಳನ್ನು ಮೇಜಿನ ಮೇಲೆ ತಂದು ಅಳತೆ ಪ್ರಕಾರ ಜೋಡಿಸಿದಳು. ಅಳತೆಗೆ ಸರಿಯಾಗಿದ್ದವು. ಆದರೆ ಒಂದು ಜೋಡಿಯ ಎಡದ್ದರಲ್ಲಿ ಹೊಲಿದ ತೊಗಲಿತ್ತು, ಕಿರುಬೆರಳಿನ ಕಡೆ ಕೂದಲೆಳೆಯಷ್ಟು ಹಿಗ್ಗಿತ್ತು. ಇನ್ನೊಂದರ ಬಲದ್ದರ ಸ್ಟಡ್‌ಗಳ ನಡುವೆ ಹಸಿರು ಎಳೆಗಳು ಸಿಕ್ಕಿಕೊಂಡಿದ್ದವು. ಹೊಲಿಗೆ ಬಿಚ್ಚಲು ಕತ್ತರಿ ತೆಗೆದಳು. ಮೊದಲ ಗಂಟಿನ ಕೆಳಗೆ ಮೊನೆ ತೂರಿಸಿ, ಅಲ್ಲೇ ನಿಂತಳು. ಆಮೇಲೆ ಕತ್ತರಿಯನ್ನು ಪಕ್ಕಕ್ಕಿಟ್ಟು, ಮೊದಲಿದ್ದ ಹಾಗೆಯೇ, ಚಿಕ್ಕ ಎಡಕ್ಕೆ ದೊಡ್ಡ ಬಲ ಸೇರಿಸಿ, ಎರಡೂ ಬೂಟುಗಳ ದಾರ ಒಂದಕ್ಕೊಂದು ಕಟ್ಟಿ, ಕೈಗೆಟುಕದ ಮೇಲಿನ ಹಲಗೆಗೆ ಹಾಕಿದಳು.