ಅವ್ವ ನೇಯ್ದ ಧಾರೆ ಸೀರೆ

ಮೊನ್ನೆ ಚಳ್ಳಕೆರೆಯಲ್ಲಿ ಮಹಿಳಾ ದಿನದ ನೆಪದಲ್ಲಿ ನಾಲ್ಕು ಜನ ಮುದುಕಿಯರಾದ ನಮ್ಮನ್ನು ವೇದಿಕೆ ಹತ್ತಿಸಿ ಶಾಲು ಹೊದಿಸಿದರು. ನಾಲ್ವರೂ ಒಂದು ಕಾಲಕ್ಕೆ ಹೆಣ್ಣಿನ ಹಕ್ಕು ಎಂದು ಗಂಟಲು ಹರಿದುಕೊಂಡವರು. ಕಾಲೇಜಿನ ಹುಡುಗಿಯೊಬ್ಬಳು ಮೈಕು ಹಿಡಿದು, "ನಿಮಗೆ ಸ್ಫೂರ್ತಿ ಯಾರು ಮೇಡಂ?" ಎಂದು ಕೇಳಿದಳು. ಉಳಿದ ಮೂವರೂ ತಾಯಿ ಅಂದರು. ನಾನೂ ತಾಯಿ ಅಂದೆ. ಚಪ್ಪಾಳೆ ಬಿತ್ತು. ಆ ತಾಯಿಗೆ ನಾನೇನು ಮಾಡಿದೆ ಎಂದು ಯಾರೂ ಕೇಳಲಿಲ್ಲ. ಅಂಥದ್ದನ್ನೆಲ್ಲ ಶಾಲು ಹೊದಿಸಿದ ಮೇಲೆ ಕೇಳುವ ಪದ್ಧತಿಯಿಲ್ಲ. ಕೇಳದಿದ್ದರೂ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ. ನಡುಮನೆಯಲ್ಲೇ ಮಗ್ಗ. ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಅಪ್ಪ ಸೀರೆಯ ಒಡಲು ನೇಯುತ್ತಿದ್ದ, ಪಕ್ಕದಲ್ಲಿ ಕೂತು ಅವ್ವ ಅಂಚಿನ ಲಾಳಿ ಎಸೆಯುತ್ತಿದ್ದಳು. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ. ಎರಡೂ ಕೂಡುವಲ್ಲಿ ಒಂದೆಳೆ ತಪ್ಪಿದರೂ ಸೀರೆ ಕೆಟ್ಟಿತು. ಅಪ್ಪ ಜ್ವರ ಬಂದು ಮಲಗಿದಾಗ, ಕುಡಿದು ಮಲಗಿದಾಗ, ಎರಡನೆಯದೇ ಹೆಚ್ಚು, ಅವ್ವ ಗುಂಡಿಗಿಳಿದು ಸೀರೆ ಮುಗಿಸುತ್ತಿದ್ದಳು. ಅಪ್ಪ ಅದನ್ನು ಒಯ್ದು ಸಾಹುಕಾರರಿಗೆ ತನ್ನದೆಂದು ಕೊಟ್ಟು, "ನಿಮ್ಮ ಕೈ ಅಂದ್ರೆ ಕೈ ಬಿಡ್ರಿ" ಎಂದು ಹೊಗಳಿಸಿಕೊಂಡು ಬರುತ್ತಿದ್ದ.

ಈ ಕತೆಯನ್ನು ನಾನು ಚೆನ್ನಾಗಿ ದುಡಿಸಿಕೊಂಡೆ. ಚಳ್ಳಕೆರೆಯಲ್ಲಿ ಹೈಸ್ಕೂಲು ಟೀಚರಾಗಿದ್ದೆ. ಭಾನುವಾರ ಬಂದರೆ ದೇವಸಮುದ್ರ, ನಾಯಕನಹಟ್ಟಿ ಎಂದು ಬಸ್ಸು ಹತ್ತಿ ಹೋಗಿ ಹೆಂಗಸರನ್ನು ಕೂರಿಸಿಕೊಂಡು ಭಾಷಣ ಬಿಗಿಯುತ್ತಿದ್ದೆ. ಅವ್ವನ ಕತೆ ಬಂದಾಗ ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ತೊಂಬತ್ತರ ದಶಕದ ನಡುವಿನಲ್ಲಿ ಅಪ್ಪ ತೀರಿಕೊಂಡ. ಎರಡು ವರ್ಷಕ್ಕೆ ನನ್ನ ಮಗಳ ಮದುವೆ ಗೊತ್ತಾಯಿತು. ಸುದ್ದಿ ಹೇಳಲು ಊರಿಗೆ ಹೋದಾಗ, ಅಣ್ಣ ಅತ್ತಿಗೆಯ ಜೊತೆಗಿದ್ದ ಅವ್ವ ಕೂತಲ್ಲಿಂದಲೇ, "ಧಾರೆ ಸೀರೆ ನಾನು ನೇಯ್ತೀನಿ" ಅಂದಳು.

"ನಿಂಗೆ ಕಣ್ಣು ಸರಿಯಾಗಿ ಕಾಣಲ್ಲ. ಅತ್ತಿಗೆ ನೇಯ್ಲಿ ಬಿಡವ್ವ."

"ನಲವತ್ತು ವರ್ಷ ಊರೋರ ಹೆಣ್ಮಕ್ಳಿಗೆಲ್ಲ ನಿಮ್ಮಪ್ಪನ ಹೆಸರಾಗೆ ನೇಯ್ದೀನಿ. ಇದೊಂದು ನನ್ನ ಹೆಸರಾಗೆ ಹೋಗ್ಲಿ. ಮೊಮ್ಮಗಳು ಅದನ್ನುಟ್ಟು ಧಾರೆಗೆ ನಿಂತಿದ್ದು ನೋಡಿದ್ರೆ ಸಾಕು. ಇನ್ನೇನೂ ಕೇಳಲ್ಲ ನಿನ್ನ."

ನಮ್ಮ ಕೇರಿಯಲ್ಲಿ ಒಂದು ಕಟ್ಟಳೆಯಿತ್ತು. ಧಾರೆ ಸೀರೆಯ ಉದ್ದೆಳೆಗಳ ಹಾಸು ಮಗ್ಗಕ್ಕೇರಿದ ಮೇಲೆ ಗಂಡ ಸತ್ತ ಹೆಂಗಸು ಅದನ್ನು ಮುಟ್ಟುವಂತಿಲ್ಲ. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಯಾರೂ ಮೀರುತ್ತಲೂ ಇರಲಿಲ್ಲ. ಅವ್ವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಭಾಷಣಗಾರ್ತಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ನೇಯಿ ಅಂದೆ. ವಾಪಸ್ಸು ಬಸ್ಸಿನಲ್ಲಿ ಕೂತಾಗಲೇ ಬೀಗರ ನೆನಪಾಯಿತು. ಬೀಗರದು ಚಳ್ಳಕೆರೆಯಲ್ಲಿ ರೇಷ್ಮೆ ಸೀರೆಯ ಅಂಗಡಿ. ಅಂಥವರು ಸೀರೆ ಕೈಗೆತ್ತಿಕೊಂಡರೆ ಮೊದಲು ಕೇಳುವುದೇ ಯಾರ ಮಗ್ಗದ್ದು ಎಂದು. ಕೇಳಿದರೆ ಏನು ಹೇಳಲಿ?

ಅಪಶಕುನ ಎಂದು ಅತ್ತಿಗೆ ಅಂಚಿನ ಕಡೆ ಕೂರಲು ಒಪ್ಪಲಿಲ್ಲವಂತೆ. ಅವ್ವ ಎರಡೂ ಕಡೆಯ ಲಾಳಿಯನ್ನು ಒಬ್ಬಳೇ ಎಸೆದಳು. ಮೂರು ವಾರದ ಸೀರೆಗೆ ನಾಲ್ಕು ತಿಂಗಳು ಹಿಡಿಯಿತು. ಹಳೇ ಟವೆಲ್ಲಿನಲ್ಲಿ ಸುತ್ತಿಕೊಂಡು ತಾನೇ ಬಸ್ಸಿನಲ್ಲಿ ತಂದಳು. ಅರಿಶಿನದ ಒಡಲು, ಕೆಂಪು ಅಂಚು. ಅಂಚು ಕೂಡಿದ ಗೆರೆಯ ಮೇಲೆ ಉದ್ದಕ್ಕೂ ಬೆರಳಾಡಿಸಿದೆ. ಎಲ್ಲೂ ಒಂದೆಳೆ ತಪ್ಪಿರಲಿಲ್ಲ. ತಪ್ಪಿದ್ದರೆ ಅದನ್ನೇ ನೆಪ ಮಾಡಬಹುದಿತ್ತು. "ಚೆನ್ನಾಗೈತೆ, ಉಡಿಸ್ತೀನಿ" ಎಂದು ಹೇಳಿ ಛತ್ರಕ್ಕೆ ಒಯ್ಯುವ ಸೂಟ್‌ಕೇಸಿನ ತಳಕ್ಕೆ ತುರುಕಿದೆ. ಮಗಳಿಗೆ ತೋರಿಸಲೂ ಇಲ್ಲ. ಮಾರನೇ ದಿನವೇ ಬೀಗರ ಅಂಗಡಿಯಿಂದ ಬೇರೆ ಸೀರೆ ತಂದೆ.

ಮದುವೆಯ ದಿನ ಛತ್ರದಲ್ಲಿ ಮಗಳು ಹಸೆಗೆ ಬಂದಾಗ ಅವ್ವ ಕೊನೆಯ ಸಾಲಿನಲ್ಲಿದ್ದಳು. ಎದುರಿಗೆ ಬಂದವರ ಮುಖ ಗುರುತು ಸಿಗದವಳಿಗೆ ಅಷ್ಟು ದೂರದಿಂದ ಸೀರೆ ತನ್ನದಲ್ಲ ಎಂದು ಗೊತ್ತಾಗಿಬಿಟ್ಟಿತು. ಎದ್ದು ಒಳಗೆ ಹೋದಳು. ಅಳಲು ಹೋದಳು, ಅತ್ತುಕೊಳ್ಳಲಿ, ಸದ್ಯ ಇಲ್ಲಿ ರಂಪ ಮಾಡಲಿಲ್ಲವಲ್ಲ ಎಂದುಕೊಂಡೆ. ಹಾಗೇ ಅಂದುಕೊಂಡೆ, ಅದರಲ್ಲೇನೂ ಮುಚ್ಚಿಡುವುದಿಲ್ಲ.

ಸ್ವಲ್ಪ ಹೊತ್ತಿಗೆ ಅವ್ವ ಹೊರಗೆ ಬಂದಳು. ಬಿಳಿ ಕೂದಲು, ಬರಿ ಹಣೆ, ಬರಿ ಕೈ, ಮೈಮೇಲೆ ಆ ಧಾರೆ ಸೀರೆ. ಸೂಟ್‌ಕೇಸು ತೆಗೆದು ಹುಡುಕಿ ಉಟ್ಟುಕೊಂಡಿದ್ದಳು. ಜನ ದಾರಿ ಬಿಟ್ಟರು. ಮುಂದಿನ ಸಾಲಿನಲ್ಲಿದ್ದ ನನ್ನ ಮಹಿಳಾ ಸಂಘದವರೂ ಕಾಲು ಮಡಚಿಕೊಂಡು ದಾರಿ ಬಿಟ್ಟರು. ಅವ್ವ ನೆಟ್ಟಗೆ ಹೋಗಿ ಬೀಗಿತಿಯ ಪಕ್ಕ ನಿಂತಳು. ಬೀಗಿತಿಗೆ ಅಂಗಡಿಯ ಅಭ್ಯಾಸ. ಮುಖಕ್ಕಿಂತ ಮೊದಲು ಅಂಚು ಕಂಡಿತು. ಎರಡು ಬೆರಳಲ್ಲಿ ಹಿಡಿದು, "ಇದ್ಯಾರ ಮಗ್ಗದ್ರಿ?" ಎಂದು ಕೇಳಿದರು.

ಅವ್ವ ಬಾಯಿ ತೆರೆಯುವ ಮೊದಲೇ ನಾನು, "ಅಂಗಡೀದು, ಯಾರ ಮಗ್ಗದ್ದೋ" ಅಂದೆ. ಅವ್ವನ ರಟ್ಟೆ ಹಿಡಿದು ಉಗ್ರಾಣಕ್ಕೆ ಎಳೆದುಕೊಂಡು ಹೋಗಿ ಚಿಲಕ ಹಾಕಿದೆ.

"ಬಿಚ್ಚು."

"ಯಾಕೆ? ಗಂಡ ಸತ್ರೆ ಹೆಂಗ್ಸು ಸತ್ತಂಗಲ್ಲ ಅಂತ ದೇವಸಮುದ್ರದಾಗೆ ಹೇಳ್ದ್ಯಂತೆ. ಕೇಳ್ದೋರು ಬಂದು ನಂಗೆ ಹೇಳಿದ್ರು. ನಾನು ಅದನ್ನ ನಂಬ್ಕಂಡೇ ಮಗ್ಗಕ್ಕೆ ಕೂತಿದ್ದು."

"ಅದು ಭಾಷಣ ಕಣವ್ವ. ಇದು ನನ್ನ ಮಗಳ ಬದುಕು."

"ಮತ್ತೆ ನಂದು?"

ಇಪ್ಪತ್ತು ವರ್ಷ ಊರೂರು ತಿರುಗಿ ಮಾತಾಡಿದವಳು ಮಾತು ಬಿಟ್ಟು ಕೈ ಮುಂದೆ ಮಾಡಿದೆ. ಹೆಗಲ ಮೇಲಿನ ಸೆರಗು ಹಿಡಿದು ಎಳೆದೆ. ನಾಚಿಕೆ ಆಗಲಿಲ್ಲವೇ ಎಂದರೆ, ಆಗ ಆಗಲಿಲ್ಲ. ಮುಹೂರ್ತ ಮೀರುತ್ತದೆ ಎಂಬ ಅವಸರವೊಂದೇ ಇತ್ತು. ಅವ್ವ ಕೊಸರಾಡಲಿಲ್ಲ. ತೆಂಗಿನಕಾಯಿ ರಾಶಿಯ ಪಕ್ಕದಲ್ಲಿ ಎರಡೂ ತೋಳು ಎತ್ತಿ ನಿಂತಳು, ನಾನು ಎಳೆದಂತೆ ತಿರುಗಿದಳು. ಹೊರಗೆ ಓಲಗ ಜೋರಾಯಿತು.

"ಮೆಲ್ಲಗೆ ಎಳಿಯೇ," ಅಂದಳು. "ನಿನ್ನ ಬಳೆಗೆ ಸಿಕ್ಕಂಡು ಎಳೆ ಕಿತ್ಕಂತೈತೆ."

ಬಳೆಗಳನ್ನು ಮೊಣಕೈವರೆಗೆ ಮೇಲೇರಿಸಿಕೊಂಡೆ. ಆಮೇಲೆ ಮೆಲ್ಲಗೆ ಎಳೆದೆ.