ಜಾಲರಿ ಬೆನ್ನಿನ ಹೆಡ್‌ಫೋನು

ಹೆಡ್‌ಫೋನು ಅಂದರೆ ಕಿವಿ ಮುಚ್ಚಬೇಕು. ಹೊರಗಿನ ಗದ್ದಲ ಒಳಗೆ ಬರಬಾರದು, ಒಳಗಿನ ದನಿ ಹೊರಗೆ ಹೋಗಬಾರದು. ಇಷ್ಟು ತಿಳಿಯುವುದಕ್ಕೆ ನಾಲ್ಕನೇ ಕ್ಲಾಸು ಸಾಕು. ನಾನು ಓದಿದ್ದೂ ಅಷ್ಟೇ. ಆದರೆ ನಮ್ಮ ಮಾಲಕರು ತರಿಸಿದ ಹೆಡ್‌ಫೋನಿಗೆ ಬೆನ್ನೇ ಇರಲಿಲ್ಲ. ಮುಚ್ಚಳ ಇರಬೇಕಾದ ಕಡೆ ಹಿಟ್ಟು ಸೋಸುವ ಜರಡಿಯಂಥ ಜಾಲರಿ ಇತ್ತು.

ಎಂಬತ್ತರ ದಶಕದ ಮಾತು. ಹೊಸಪೇಟೆಯ ಸ್ಟೇಷನ್ ರೋಡಿನಲ್ಲಿ ನಮ್ಮ ಅಂಗಡಿ. ಮದುವೆಗಳಿಗೆ ಮೈಕ್ ಸೆಟ್ ಕೊಡುತ್ತಿದ್ದೆವು, ಉಳಿದ ಹೊತ್ತಿನಲ್ಲಿ ಜನ ಚೀಟಿಯಲ್ಲಿ ಬರೆದು ತಂದ ಹಾಡುಗಳನ್ನು ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದೆವು. ತುಂಬಿಸುವವನು ನಾನು. ಮಾಲಕರ ಭಾವಮೈದ ಹಡಗಿನ ಕೆಲಸದಲ್ಲಿದ್ದ. ಅವನು ಯಾವುದೋ ದೇಶದಿಂದ ಈ ಹೆಡ್‌ಫೋನು ತಂದುಕೊಟ್ಟ ದಿನ ಮಾಲಕರು ಊಟಕ್ಕೂ ಮನೆಗೆ ಹೋಗಲಿಲ್ಲ.

"ಮಾಲಕ್ರ, ಇದರ ಮುಚ್ಚಳ ಹಡಗಿನ್ಯಾಗ ಬಿದ್ದು ಹೋಗಿರಬೇಕ್ರಿ" ಅಂದೆ.

"ಲೇ ಮಬ್ಬ, ಅದು ಇರೋದ ಹಂಗ. ಬೇಕಂತಲೇ ಹಿಂದ ತೆರದಿಟ್ಟಾರ. ದನಿಗೆ ಗಾಳಿ ಆಡತೈತಿ."

"ಗಾಳಿ ಬನಿಯನ್ನಿಗೆ ಆಡಿದ್ರ ಸಾಕಾಗಿತ್ರಿ."

"ನೀ ಒಂದು ವಾರ ಹಾಕ್ಕೊಂಡು ಕೇಳು. ಆಮ್ಯಾಲ ಬಾಯಿ ಮಾಡು."

ಹಾಕಿಕೊಂಡೆ. ಇದ್ದದ್ದು ಇದ್ದಂಗೆ ಹೇಳುತ್ತೇನೆ. ಬೆಳಗ್ಗೆ ಆರು ಗಂಟೆಗೆ, ರೋಡಿನಲ್ಲಿ ಹಾಲಿನ ಸೈಕಲ್ಲು ಬಿಟ್ಟರೆ ಏನೂ ಇಲ್ಲದಾಗ, ಅದು ಚೆನ್ನಾಗಿತ್ತು. ತಬಲಾ ಒಂದು ಕಡೆ, ಹಾರ್ಮೋನಿಯಂ ಇನ್ನೊಂದು ಕಡೆ ನಿಂತಂಗೆ ಕೇಳುತ್ತಿತ್ತು. ಹಾಡುವವನು ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. ನಮ್ಮ ಹಳೇ ಹೆಡ್‌ಫೋನಿನಲ್ಲಿ ಇವೆಲ್ಲ ಒಂದೇ ಚೀಲಕ್ಕೆ ತುರುಕಿದಂಗೆ ಇರುತ್ತಿತ್ತು. ಇಷ್ಟು ಒಪ್ಪುತ್ತೇನೆ.

ಒಂಬತ್ತು ಗಂಟೆಯಾದರೆ ಮುಗಿಯಿತು. ಟಿ.ಬಿ. ಡ್ಯಾಂ ಬಸ್ಸು, ಕಬ್ಬಿನ ಟ್ರ್ಯಾಕ್ಟರು, ಸಂಡೂರಿನಿಂದ ಅದಿರು ತುಂಬಿಕೊಂಡು ಬರುವ ಲಾರಿ, ಎಲ್ಲವೂ ಜಾಲರಿಯ ಮೂಲಕ ಕಿವಿಯೊಳಗೇ ಬಂದು ಹಾರ್ನ್ ಹೊಡೆಯುತ್ತಿದ್ದವು. ವಾಲ್ಯೂಮ್ ಏರಿಸಿದರೆ ಹಾಡು ಹೊರಗೆ ಸೋರಿ ಪಕ್ಕದ ಅಂಗಡಿಯ ದರ್ಜಿಗೂ ಕೇಳುತ್ತಿತ್ತು. ಅವನು ಹೊಲಿಗೆ ನಿಲ್ಲಿಸಿ, "ಅದೇ ಹಾಡು ಎಷ್ಟು ಸಲ ಹಾಕ್ತೀಯಪ್ಪ" ಅಂತ ಕೇಳುತ್ತಿದ್ದ. ಹೆಡ್‌ಫೋನು ಹಾಕಿಕೊಂಡವನಿಗೆ ಕೇಳುವ ಮಾತೇ ಅದು?

ಕಟ್ಟುಮಸ್ತು ಅಂತ ಮಾಲಕರು ಹೊಗಳುತ್ತಿದ್ದರು. ಪಟ್ಟಿ ಸ್ಟೀಲಿನದು, ನಿಜ. ಆದರೆ ಭಾರಕ್ಕೆ ಕತ್ತು ಹಿಡಿಯುತ್ತಿತ್ತು. ಕಿವಿಗೆ ಕೂರುವ ದಿಂಬು ಮಖಮಲ್ಲಿನದು. ನಮ್ಮ ಬೇಸಿಗೆಯಲ್ಲಿ ಮಖಮಲ್ಲು ಅರ್ಧ ತಾಸಿಗೆ ಒದ್ದೆ ಬಟ್ಟೆಯಾಗುತ್ತದೆ. ಲಾರಿಗಳಿಂದ ಹಾರುವ ಕೆಂಪು ಧೂಳು ಜಾಲರಿಯಲ್ಲಿ ಇಳಿದು ಒಳಗಿನ ಸ್ಪಂಜನ್ನು ಇಟ್ಟಿಗೆ ಬಣ್ಣ ಮಾಡಿತ್ತು. ದಿನಾ ಸಂಜೆ ಪೇಂಟು ಬ್ರಶ್ ಹಿಡಿದು ಅದನ್ನು ಉದುರಿಸುವ ಕೆಲಸ ನನಗೆ. ಎಲ್ಲಕ್ಕಿಂತ ಕೆಟ್ಟದ್ದು ಅದರ ವೈರು. ಸ್ಪ್ರಿಂಗಿನಂತೆ ಸುತ್ತಿಕೊಂಡಿರುವ ದಪ್ಪ ವೈರು. ಒಂದು ಹೆಜ್ಜೆ ಹಿಂದೆ ಸರಿದರೆ ರೆಕಾರ್ಡಿಂಗ್ ಮಷಿನ್ನನ್ನೇ ಎಳೆಯುತ್ತಿತ್ತು, ಹಗ್ಗ ಕಟ್ಟಿದ ಎಮ್ಮೆ ಎಳೆದಂಗೆ.

ಆ ವಾರವೇ ಕಂಪ್ಲಿಯಿಂದ ಅಕ್ಕ ಬಂದಳು. ನನ್ನ ದೊಡ್ಡವ್ವನ ಮಗಳು. ದೊಡ್ಡವ್ವನಿಗೆ ಗಂಟಲಲ್ಲಿ ಗಂಟು. ಬಳ್ಳಾರಿಯಲ್ಲಿ ಆಪರೇಷನ್ನು. ತೆಗೆದ ಮೇಲೆ ಮಾತು ಬರುತ್ತದೆ, ಹಾಡುವ ದನಿ ಉಳಿಯುತ್ತದೋ ಇಲ್ಲವೋ ಹೇಳಲಾಗದು ಅಂತ ಡಾಕ್ಟರು ಹೇಳಿದ್ದರು. ಕಂಪ್ಲಿ ಸುತ್ತ ಭತ್ತದ ನಾಟಿಯಲ್ಲಿ ಸೊಲ್ಲು ಎತ್ತುವವಳು ಅಂದರೆ ದೊಡ್ಡವ್ವ. ಅವಳು ಒಂದು ಸಾಲು ಹೇಳಿದರೆ ಉಳಿದ ಹೆಂಗಸರು ಹಿಂದೆ ಹೇಳುತ್ತಾ ಸಸಿ ಹಚ್ಚುತ್ತಿದ್ದರು. ಆ ಹಾಡುಗಳು ಮತ್ತೊಬ್ಬರ ಬಾಯಲ್ಲಿ ಪೂರ್ತಿ ಇರಲಿಲ್ಲ.

"ನಾಡಿದ್ದು ಬೆಳಿಗ್ಗೆ ಬಳ್ಳಾರಿ ಬಸ್ಸು ಹತ್ತಬೇಕು. ನಾಳೆ ನಮ್ಮ ಗದ್ದ್ಯಾಗ ನಾಟಿ ಐತಿ. ನೀ ಬಂದು ಅವ್ವನ ಹಾಡು ತುಂಬಿಸ್ಕೋ" ಅಂದಳು ಅಕ್ಕ.

"ಮನಿಯಾಗ ಕುಂತು ಹಾಡಿದ್ರ ಸಲೀಸು, ಅಕ್ಕ. ಗದ್ದ್ಯಾಗ ಗಾಳಿ ಇರತೈತಿ."

"ಮನಿಯಾಗ ಆಕಿಗೆ ಒಂದು ಸಾಲೂ ಬರಂಗಿಲ್ಲ. ಬಗ್ಗಿ ಸಸಿ ಹಚ್ಚಿದ್ರಷ್ಟ ನಾಲಿಗಿಗೆ ಬರತೈತಿ. ಕೈ ನಿಂತ್ರ ಬಾಯಿ ನಿಲ್ಲತೈತಿ."

ಸುಳ್ಳಲ್ಲ. ಹಬ್ಬಕ್ಕೆ ಕೂರಿಸಿ ಹಾಡು ಅಂದರೆ ದೊಡ್ಡವ್ವ ಸೆರಗು ಬಾಯಿಗೆ ಇಟ್ಟು ನಗುತ್ತಿದ್ದಳೇ ಹೊರತು ಹಾಡಿದ್ದು ನಾನು ಕಂಡಿಲ್ಲ.

ನಾನು ಹಳೇ ಹೆಡ್‌ಫೋನು ಚೀಲಕ್ಕೆ ಹಾಕಿಕೊಂಡೆ. ಮಾಲಕರು ತೆಗೆದು ಹೊರಗಿಟ್ಟರು.

"ಅದ್ಯಾಕ ಒಯ್ತೀ? ಡಬ್ಬ್ಯಾಗ ತಲಿ ಇಟ್ಟಂಗ ಕೇಳತೈತಿ. ಇದನ್ನ ಒಯ್ಯಿ. ನಿಮ್ಮ ದೊಡ್ಡವ್ವನ ದನಿ ಇದರಾಗ ಕೇಳು, ಆಮ್ಯಾಲ ನನಗ ಬಂದು ಹೇಳು."

ಬ್ಯಾಡ್ರಿ ಅಂದೆ. ಕೇಳಲಿಲ್ಲ. ಮಷಿನ್ನಿನಲ್ಲಿ ದನಿಯ ಮಟ್ಟ ತೋರಿಸುವ ಮುಳ್ಳು ಕೆಟ್ಟು ವರ್ಷವಾಗಿತ್ತು. ಅದನ್ನು ರಿಪೇರಿ ಮಾಡಿಸುವ ಬದಲು ಹೊಸ ಹೆಡ್‌ಫೋನಿಗೆ ಮುತ್ತು ಕೊಡುವ ಮನುಷ್ಯನ ಹತ್ತಿರ ಏನು ವಾದ ಮಾಡುವುದು? ಮುಳ್ಳಿಲ್ಲದ ಮೇಲೆ ಕಿವಿಯೇ ಗತಿ.

ಮರುದಿನ ಬೆಳಗ್ಗೆ ಕಂಪ್ಲಿಯ ಗದ್ದೆ. ಕಾಲುವೆಗೆ ನೀರು ಬಿಟ್ಟು ವಾರವಾಗಿತ್ತು, ಮಣ್ಣು ಮೊಣಕಾಲು ಮಟ. ಬದುವಿನ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಮಷಿನ್ನು ಇಟ್ಟೆ. ಬಿದಿರು ಗಳಕ್ಕೆ ಮೈಕು ಕಟ್ಟಿ ಹೆಂಗಸರ ತಲೆಯ ಮೇಲೆ ಚಾಚಿದೆ. ನನ್ನ ತಲೆಯ ಮೇಲಿನ ಭಾರ ನೋಡಿ ಒಬ್ಬಾಕೆ, "ಏನಪ್ಪಾ, ನೀನೂ ಎತ್ತಿನಂಗ ನೊಗ ಹೊತ್ತೀಯಲ್ಲ" ಅಂದಳು. ಎಲ್ಲರೂ ನಕ್ಕರು. ದೊಡ್ಡವ್ವ ಬಗ್ಗಿದಳು, ಸೊಲ್ಲು ಎತ್ತಿದಳು.

ಎಂಥಾ ದನಿ ಕೇಳಿತು ಅಂದರೆ, ನಾನು ಮಾಲಕರ ಮೇಲಿನ ಸಿಟ್ಟೆಲ್ಲ ಮರೆತೆ. ದೊಡ್ಡವ್ವ ಎದುರಿಗೇ ನಿಂತಂಗೆ. ಹಿಂದೆ ಹೇಳುವ ಹೆಂಗಸರು ಎಡಕ್ಕೆ ಮೂವರು, ಬಲಕ್ಕೆ ಮೂವರು, ಲೆಕ್ಕ ಹಾಕಬಹುದಿತ್ತು. ಕೆಸರಿನಲ್ಲಿ ಕಾಲು ಕೀಳುವ ಸದ್ದು, ಕಾಲುವೆಯ ನೀರು, ಎಲ್ಲವೂ ಅದರದರ ಜಾಗದಲ್ಲಿ. ಈ ಹೆಡ್‌ಫೋನು ನಿಜಕ್ಕೂ ದೊಡ್ಡದೇ ಅಂದುಕೊಂಡೆ. ಎರಡು ತಾಸು ಹಂಗೇ ನಿಂತು ಮೂರು ಕ್ಯಾಸೆಟ್ಟು ಬದಲಿಸಿದೆ.

ನಾಟಿ ಮುಗಿಯಿತು. ಹೆಂಗಸರು ಕಾಲುವೆಯಲ್ಲಿ ಕೈಕಾಲು ತೊಳೆದು ಇನ್ನೊಂದು ಗದ್ದೆಗೆ ಹೋದರು. ನಾನು ಕ್ಯಾಸೆಟ್ಟು ಹಿಂದಕ್ಕೆ ತಿರುಗಿಸಿ ಹಚ್ಚಿದೆ. ಬರೀ ಸರ್ ಅನ್ನುವ ಸದ್ದು. ಎರಡನೆಯದು ಹಚ್ಚಿದೆ, ಮೂರನೆಯದು ಹಚ್ಚಿದೆ. ಅದೇ.

ನೋಡಿದರೆ ಮೈಕಿನ ಪಿನ್ನು ಅರ್ಧ ಹೊರಗೆ ಬಂದಿತ್ತು. ಮೈಕು ಕಟ್ಟುವ ಓಡಾಟದಲ್ಲೇ ಆ ಹಾಳು ಹೆಡ್‌ಫೋನಿನ ವೈರು ಎಳೆದೆಳೆದು ಮಷಿನ್ನು ಸರಿದಿತ್ತು, ಮೈಕಿನ ವೈರು ಸ್ಟೂಲಿನ ಕಾಲಿಗೆ ಸಿಕ್ಕಿ ಬಿಗಿದಿತ್ತು. ನಾನು ಎರಡು ತಾಸು ಕೇಳಿದ್ದು ಹೆಡ್‌ಫೋನಿನ ದನಿಯಲ್ಲ. ಜಾಲರಿಯ ಮೂಲಕ ಬಂದ ದೊಡ್ಡವ್ವನ ಬರಿ ದನಿ. ಬೆನ್ನು ಮುಚ್ಚಿದ ಹಳೇ ಡಬ್ಬಿಯಾಗಿದ್ದರೆ ಒಂದು ನಿಮಿಷಕ್ಕೇ ಗೊತ್ತಾಗುತ್ತಿತ್ತು. ಮೊದಲ ಹಾಡಿಗೇ ನಿಲ್ಲಿಸಿ, ತಿರುಗಿಸಿ ಕೇಳಿದ್ದರೂ ಗೊತ್ತಾಗುತ್ತಿತ್ತು. ಅದು ನನ್ನ ತಪ್ಪು.

ಬದುವಿನ ಮೇಲೆ ಕೂತು ಅಂಬಲಿ ಕುಡಿಯುತ್ತಿದ್ದ ದೊಡ್ಡವ್ವನ ಹತ್ತಿರ ಹೋದೆ.

"ದೊಡ್ಡವ್ವ, ಏನೂ ಬಂದಿಲ್ಲ."

"ಏನೂ ಅಂದ್ರ?"

"ಏನಂದ್ರ ಏನೂ ಇಲ್ಲ. ಮೊದಲಿಂದ ಹಾಡಬೇಕು."

ಅಕ್ಕ ಅಳುವುದಕ್ಕೆ ಶುರು ಮಾಡಿದಳು. ದೊಡ್ಡವ್ವ ಅಂಬಲಿಯ ಚರಿಗೆ ಕೆಳಗಿಟ್ಟು ಗದ್ದೆ ನೋಡಿದಳು. ಪೂರ್ತಿ ಹಸಿರು.

"ಹಚ್ಚಿದ ಸಸಿ ಕಿತ್ತು ಮತ್ತ ಹಚ್ಚಂಗಿಲ್ಲ, ತಮ್ಮ. ಬೆಳಿಗ್ಗಿನಿಂದ ಕಿವಿ ಮ್ಯಾಲ ಅದನ್ನ ಹೊತ್ಕೊಂಡು ತಲಿ ತೂಗ್ತಿದ್ದಿಯಲ್ಲ, ಯಾರ ಹಾಡಿಗೆ ತೂಗಿದಿ?"

 ಹೆಡ್‌ಫೋನನ್ನು ಕಿವಿಯಿಂದ ಕತ್ತಿಗೆ ಇಳಿಸಿದೆ.

ನಾಟಿ ಮಾಡಿದವರು ಉಳಿದ ಸಸಿಯನ್ನು ಗದ್ದೆಯ ಮೂಲೆಯಲ್ಲಿ ಒತ್ತೊತ್ತಾಗಿ ಹಚ್ಚಿಡುತ್ತಾರೆ. ವಾರದ ಮೇಲೆ ಎಲ್ಲೆಲ್ಲಿ ಸತ್ತಿರುತ್ತದೋ ಅಲ್ಲಿ ತುಂಬುವುದಕ್ಕೆ. ಅಂಥ ಆರು ಕಟ್ಟು ನೀರಿನಲ್ಲಿ ಬಿದ್ದಿದ್ದವು. ದೊಡ್ಡವ್ವ ಎದ್ದು ಸೀರೆ ಎತ್ತಿ ಕಟ್ಟಿದಳು.

"ಆರು ಕಟ್ಟು ಅದಾವ. ಮುಗಿಯೂತನ ಹಾಡ್ತೀನಿ. ಹಿಂದ ಹೇಳೋರು ಇಲ್ಲ, ನೀವಿಬ್ರೂ ಹೇಳ್ರಿ."

ಹೆಡ್‌ಫೋನು ಕಳಚಿ ಚೀಲಕ್ಕೆ ಎಸೆದೆ. ಪಿನ್ನನ್ನು ಒತ್ತಿ, ಸಸಿ ಕಟ್ಟಿದ್ದ ನಾರಿನಿಂದಲೇ ಮಷಿನ್ನಿಗೆ ಬಿಗಿದೆ. ಒಂದು ಸಾಲು ತುಂಬಿಸಿ, ತಿರುಗಿಸಿ, ಮಷಿನ್ನಿನ ಸ್ಪೀಕರಿನಲ್ಲೇ ಕೇಳಿದೆ. ಬಂದಿತ್ತು. ಆಮೇಲೆ ನಾನೂ ಅಕ್ಕನೂ ಕೆಸರಿಗೆ ಇಳಿದೆವು. ದೊಡ್ಡವ್ವನ ದನಿ ಆಗಲೇ ದಣಿದಿತ್ತು, ಎರಡು ಕಡೆ ಕೆಮ್ಮಿದಳು. ಬೇಗ ಮುಗಿಯಬಾರದೆಂದು ಒಂದೊಂದೇ ಎಳೆ ಸಸಿ ಹಚ್ಚಿದಳು. ನನ್ನ ಗಂಟಲು ಲಾರಿಯ ಗೇರಿನಂಥದು, ಅದೂ ಟೇಪಿನಲ್ಲಿದೆ. ಆರು ಕಟ್ಟಿಗೆ ನಾಲ್ಕು ಹಾಡು ಬಂದವು.

ಅಂಗಡಿಗೆ ಹೋದಾಗ ಮಾಲಕರು, "ಹೆಂಗಿತ್ತಲೇ?" ಅಂದರು.

"ಮನಿಯಾಗ ಒಬ್ಬರ ಕುಂತು ಕೇಳಾಕ ಮಸ್ತ್ ಐತ್ರಿ. ಕೆಲಸಕ್ಕ ಬ್ಯಾಡ. ಮನಿಗೆ ಒಯ್ರಿ."

ನಡೆದದ್ದೆಲ್ಲ ಹೇಳಿದ ಮೇಲೆ ಒಯ್ದರು. ಮುಳ್ಳನ್ನೂ ರಿಪೇರಿ ಮಾಡಿಸಿದರು.

ದೊಡ್ಡವ್ವನಿಗೆ ಮಾತು ಬಂತು, ಸಣ್ಣಗೆ, ಗೊಗ್ಗರಾಗಿ. ಹಾಡು ಬರಲಿಲ್ಲ. ಮುಂದಿನ ವರ್ಷ ನಾಟಿಗೆ ಅವಳೇ ನನ್ನನ್ನು ಕರೆಸಿದಳು, ಮಷಿನ್ನು ಸಮೇತ. ಬದುವಿನ ಮೇಲೆ ಅದನ್ನು ಹಚ್ಚಿದೆ. ಟೇಪಿನ ದೊಡ್ಡವ್ವ ಸೊಲ್ಲು ಎತ್ತಿದಳು, ಗದ್ದೆಯ ಹೆಂಗಸರು ಹಿಂದೆ ಹೇಳಿದರು, ದೊಡ್ಡವ್ವ ಬಾಯಿ ಮುಚ್ಚಿಕೊಂಡು ಅವರ ನಡುವೆ ಸಸಿ ಹಚ್ಚಿದಳು. ಆದರೆ ಟೇಪು ಯಾರಿಗೂ ಕಾಯುವುದಿಲ್ಲ. ಇವರ ಸಾಲು ಮುಗಿಯುವ ಮೊದಲೇ ಅದು ಮುಂದಿನ ಸೊಲ್ಲಿಗೆ ಹೋಗುತ್ತಿತ್ತು. ದೊಡ್ಡವ್ವ ಅಷ್ಟು ದೂರದಿಂದ ಕೆಸರಿನ ಕೈ ಎತ್ತುತ್ತಿದ್ದಳು, ನಾನು ನಿಲ್ಲಿಸಬೇಕು. ಕೈ ಇಳಿಸಿದರೆ ಬಿಡಬೇಕು. ಆ ಗದ್ದೆ ಮುಗಿಯುವವರೆಗೆ ಬಿಸಿಲಲ್ಲಿ ಕೂತು ಅದೇ ಕೆಲಸ ಮಾಡಿದೆ. ಒಂದು ಸಲ ತಡ ಮಾಡಿದ್ದಕ್ಕೆ ಇರುವ ಇಷ್ಟು ದನಿಯಲ್ಲೇ ಬೈದಳು.